ಅವರ ಸಂಸತ್ತು, ನಮ್ಮ ಪಂಚಾಯಿತಿ

ವಲಸೆ ಕೌಂಟರ್

ಅಮೆರಿಕದ ನೆಲದ ಮೇಲೆ ನಾನು ಆಡಿದ ಮೊದಲ ಮಾತೇ ಎಡವಟ್ಟಾಯಿತು. ಗಾಜಿನ ಗೂಡಿನೊಳಗೆ ಕೂತಿದ್ದ ಅಧಿಕಾರಿ ನನ್ನ ಪಾಸ್‌ಪೋರ್ಟ್ ತಿರುವಿ ಹಾಕುತ್ತಾ, ಊರಲ್ಲಿ ಏನು ಕೆಲಸ ಎಂದು ಕೇಳಿದ. ಹತ್ತು ವರ್ಷ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಟೀಚರ್ ಅಂದಿದ್ದರೆ ಮುಗಿದುಹೋಗುತ್ತಿತ್ತು. ವಿಮಾನದಲ್ಲಿ ಕೂತೂ ಕೂತೂ ತಲೆ ಮಂಕಾಗಿತ್ತೋ ಏನೋ, ಬಾಯಿಗೆ ಬಂದದ್ದು, "ಐ ವಾಸ್ ಪ್ರೆಸಿಡೆಂಟ್."

ಅವನು ತಲೆ ಎತ್ತಿದ. ನನ್ನ ಇಳಕಲ್ ಸೀರೆ, ಕೈಯಲ್ಲಿದ್ದ ಬಟ್ಟೆ ಚೀಲ, ಬಾತುಕೊಂಡ ಕಾಲು ಎಲ್ಲವನ್ನೂ ನೋಡಿ, "ಯಾವ ದೇಶಕ್ಕೆ?" ಎಂದ.

ದೇಶಕ್ಕಲ್ಲ, ಐದು ಹಳ್ಳಿಗಳಿಗೆ ಎಂದು ವಿವರಿಸಿದೆ. ಗ್ರಾಮ ಪಂಚಾಯಿತಿ ಎಂದರೇನು ಎಂದು ಎರಡು ವಾಕ್ಯದಲ್ಲಿ ಹೇಳಿದೆ. ಅವನಿಗೆ ನಗು ಬಂತು.

"ಮತ್ತೆ ಹುದ್ದೆ ಹೇಗೆ ಹೋಯಿತು?"

"ಅವಧಿ ಮುಗಿಯಿತು. ಇಳಿದೆ."

"ಸುಮ್ಮನೆ ಇಳಿದಿರಾ?"

"ಸುಮ್ಮನೆ ಇಳಿದೆ."

"ಒಳ್ಳೆಯದು ಮಾಡಿದಿರಿ," ಎಂದು ಮುದ್ರೆ ಒತ್ತಿದ. ಒತ್ತಿದವನೇ ಪಕ್ಕದ ಗೂಡಿನ ಕಡೆ ಒಮ್ಮೆ ಕಳ್ಳನೋಟ ನೋಡಿದ, ಆಡಬಾರದ್ದೇನೋ ಆಡಿದವನ ಹಾಗೆ. ಆ ದೇಶದ ಜನ ಮಾತಿನ ಮಧ್ಯೆ ಹಾಗೆ ಅಕ್ಕಪಕ್ಕ ನೋಡುವುದು ಮುಂದೆ ನನಗೆ ರೂಢಿಯಾಯಿತು.

ನನ್ನ ಹಿಂದೆ ನಿಂತಿದ್ದವಳು ತಿಪ್ಪಮ್ಮ. ಒಂದು ಮಹಿಳಾ ಸಂಸ್ಥೆಯವರು ಪಂಚಾಯಿತಿಗಳಲ್ಲಿ ಕೆಲಸ ಮಾಡಿದ ಎಂಟು ಹೆಂಗಸರನ್ನು ಆರಿಸಿ, ಅಮೆರಿಕದ ಊರಾಡಳಿತ ನೋಡಿ ಬನ್ನಿ ಎಂದು ಕಳಿಸಿದ್ದರು. ಚಿತ್ರದುರ್ಗ ಜಿಲ್ಲೆಯಿಂದ ನಾವಿಬ್ಬರು. ನಾನು ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆಯವಳು, ತವರು ಹೊಸದುರ್ಗ. ತಿಪ್ಪಮ್ಮ ಹಿರಿಯೂರು ತಾಲ್ಲೂಕಿನ ಗಡಿಯ ಹಳ್ಳಿಯವಳು, ಕುರಿ ಸಾಕುವ ಮನೆತನ, ಎರಡು ಸಲ ಸದಸ್ಯೆ. ಓದಿದ್ದು ಮೂರನೇ ಇಯತ್ತೆ. ಇಂಗ್ಲಿಷ್ ಬಾರದು ಎಂಬ ಅಳುಕು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಅಧಿಕಾರಿ ಅವಳನ್ನು ಏನು ಕೇಳಿದನೋ, ಅವಳು ಹಿರಿಯೂರಿನ ಕನ್ನಡದಲ್ಲೇ, "ನೋಡಾಕ್ ಬಂದೀವಪ್ಪ, ನೋಡ್ಕಂಡ್ ಹೋಗ್ತೀವಿ," ಅಂದಳು. ಅವಳನ್ನು ನನಗಿಂತ ಬೇಗ ಬಿಟ್ಟರು.

ಗುಮ್ಮಟದ ಕೆಳಗೆ

ಮೂರನೇ ದಿನ ವಾಷಿಂಗ್ಟನ್‌ನಲ್ಲಿ ಅವರ ಸಂಸತ್ ಭವನಕ್ಕೆ ಕರೆದುಕೊಂಡು ಹೋದರು. ಟಿವಿಯಲ್ಲಿ ನೋಡಿದ್ದೇ: ಬಿಳಿಯ ಗುಮ್ಮಟ, ಅಗಲವಾದ ಮೆಟ್ಟಿಲುಗಳು. ಕೆಲವು ವರ್ಷಗಳ ಹಿಂದೆ ಚುನಾವಣೆಯಲ್ಲಿ ಸೋತದ್ದನ್ನು ಒಪ್ಪದ ಜನ ಅದೇ ಮೆಟ್ಟಿಲುಗಳನ್ನು ಹತ್ತಿ, ಗಾಜು ಒಡೆದು ಒಳಗೆ ನುಗ್ಗಿದ್ದನ್ನು ನಾನು ನಮ್ಮ ಮನೆಯ ನಡುಮನೆಯಲ್ಲಿ ಕೂತು ನೋಡಿದ್ದೆ. ಒಳಗೆ ಮತಗಳನ್ನು ಅಂತಿಮವಾಗಿ ಒಪ್ಪಿಕೊಳ್ಳುವ ಕೆಲಸ ನಡೆಯುತ್ತಿತ್ತು. ಸದಸ್ಯರು ಕುರ್ಚಿಗಳ ಹಿಂದೆ ಬಗ್ಗಿ ಕೂತಿದ್ದರು. ಆವತ್ತು ನನ್ನ ಗಂಡ ಬಸವರಾಜ, "ಅಲ್ಲೂ ಹಿಂಗೇನಾ," ಅಂದು ರೊಟ್ಟಿ ಮುರಿದಿದ್ದರು.

ಬಾಗಿಲಲ್ಲಿ ತಪಾಸಣೆ. ತಿಪ್ಪಮ್ಮನ ಕಾಲುಂಗುರಕ್ಕೆ ಯಂತ್ರ ಕೂಗಿಕೊಂಡಿತು. ತೆಗೆಯಿರಿ ಎಂದರು. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡು, "ಮಂಜಕ್ಕ, ಗಂಡ ಬದುಕವ್ನೆ ಅಂತ ಹೇಳು ಅವರಿಗೆ," ಎಂದಳು. ನಾನು ಅದನ್ನೇ ಇಂಗ್ಲಿಷಿಗೆ ತಿರುಗಿಸಿದೆ. ದಪ್ಪನೆಯ ಪೊಲೀಸ್ ಹೆಂಗಸು ಕೈಯಂತ್ರವನ್ನು ತಿಪ್ಪಮ್ಮನ ಪಾದದ ಸುತ್ತ ಆಡಿಸಿ, "ಅವರು ನೂರು ವರ್ಷ ಬಾಳಲಿ," ಎಂದು ಒಳಕ್ಕೆ ಬಿಟ್ಟಳು.

ಒಳಗೆ ಕಲ್ಲಿನ ತಂಪು. ಗುಮ್ಮಟದ ಒಳಮೈಯಲ್ಲಿ ಚಿತ್ರ, ಸುತ್ತಲೂ ಪ್ರತಿಮೆಗಳು. ಮಾರ್ಗದರ್ಶಿ ಹೆಣ್ಣುಮಗಳು ನಮ್ಮ ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಕಲ್ಲು ಎಲ್ಲಿಂದ ಬಂತು, ಬಣ್ಣ ಯಾರು ಬಳಿದರು ಎಂದೆಲ್ಲ ಹೇಳುತ್ತಿದ್ದಳು. ನಮ್ಮ ಗುಂಪಿನಲ್ಲಿ ಅದೇ ದೇಶದ ಪ್ರವಾಸಿಗರೂ ಇದ್ದರು. ಅವರಲ್ಲಿ ಒಬ್ಬ ಮುದುಕ ಮೆಲ್ಲಗೆ ಕೇಳಿದ, "ಆವತ್ತು ಅವರು ಒಳಗೆ ಬಂದದ್ದು ಯಾವ ಕಡೆಯಿಂದ?"

ಮಾರ್ಗದರ್ಶಿ ಉತ್ತರಿಸುವ ಮುಂಚೆ, ನುಗ್ಗಿದವರ ಬಣದ ಗುರುತಿನ ಕೆಂಪು ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ ಇನ್ನೊಬ್ಬ ಅಂದ, "ಬಂದವರು ನಮ್ಮ ಹಾಗೇ ನೋಡಲಿಕ್ಕೆ ಬಂದ ಜನ."

"ಗಾಜು ಒಡೆದು ನೋಡಲಿಕ್ಕೆ ಬರುತ್ತಾರಾ?"

"ನೀವು ಯಾವ ಚಾನೆಲ್ ನೋಡುತ್ತೀರಿ ಅಂತ ಗೊತ್ತಾಯಿತು ಬಿಡಿ."

"ಪೊಲೀಸರ ಮೈ ಮೇಲಿನ ಗಾಯ ಚಾನೆಲ್‌ನವರು ಮಾಡಿದ್ದಾ?"

ಇಬ್ಬರ ಹೆಂಡತಿಯರೂ ತಂತಮ್ಮ ಗಂಡಂದಿರ ತೋಳು ಹಿಡಿದರು. ಒಬ್ಬಳು ಎಡಕ್ಕೆ ಎಳೆದಳು, ಇನ್ನೊಬ್ಬಳು ಬಲಕ್ಕೆ. ಅಲ್ಲಿಂದ ಮುಂದೆ ನಮ್ಮ ಗುಂಪು ಎರಡಾಗಿಯೇ ನಡೆಯಿತು. ಮಾರ್ಗದರ್ಶಿ ನಡುವೆ ಒಬ್ಬಳೇ.

ನಮ್ಮ ದೇಶದ ಸಂಸತ್ತಿನ ಮೇಲೂ ದಾಳಿ ನಡೆದಿತ್ತು. ಬಂದೂಕು ಹಿಡಿದು ಬಂದವರನ್ನು ತಡೆಯುತ್ತಾ ಕಾವಲಿನವರು ಪ್ರಾಣ ಬಿಟ್ಟರು. ಆಗ ಊರಿಗೆ ಊರೇ ಒಂದಾಗಿ ದುಃಖಪಟ್ಟದ್ದು ನೆನಪಿದೆ. ಇಲ್ಲಿ ಹಾಗಾಗಿಲ್ಲ. ನುಗ್ಗಿದವರು ಈ ಮನೆಗೆ ಓಟು ಹಾಕಿದವರೇ, ಅವರ ಅಣ್ಣತಮ್ಮಂದಿರು ಹೊರಗೆ ಬೀದಿಬೀದಿಯಲ್ಲಿದ್ದಾರೆ. ಯಾವುದಕ್ಕೆ ಅಳಬೇಕು ಎಂಬುದರಲ್ಲೇ ಆ ದೇಶ ಎರಡಾಗಿದೆ. ಎಷ್ಟೋ ಜನರಿಗೆ ಶಿಕ್ಷೆಯಾಯಿತು. ಅಧಿಕಾರ ಬದಲಾದ ಮೇಲೆ ಅವರಿಗೆಲ್ಲ ಕ್ಷಮಾದಾನವೂ ಆಯಿತು.

ಹೊರಗೆ ಬಂದು ಮೆಟ್ಟಿಲ ಎದುರು ನಿಂತಾಗ ತಿಪ್ಪಮ್ಮ ಕೇಳಿದಳು, "ನಿಮ್ಮ ಪಂಚಾಯ್ತಿಗೂ ನುಗ್ಗಿದ್ರಂತಲ್ಲ ಮಂಜಕ್ಕ? ಪೇಪರ್ನಾಗೆ ಬಂದಿತ್ತು. ಯಾರಂತೆ?"

"ಗುಂಪು," ಎಂದೆ.

"ಗುಂಪು ಅಂದ್ರೆ ಹೆಸರಿರಲ್ವಾ?"

ನಾನು ನೀರಿನ ಬಾಟಲಿ ಹುಡುಕುವವಳ ಹಾಗೆ ಚೀಲಕ್ಕೆ ಕೈ ಹಾಕಿದೆ. ಬಾಟಲಿಯನ್ನು ಬಾಗಿಲಲ್ಲೇ ಕಸಿದುಕೊಂಡಿದ್ದರು.

ನಮ್ಮ ಬಾಗಿಲು

ಅವಳಿಗೆ ಹೇಳದ್ದನ್ನು ಓದುಗರಿಗೆ ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಪಂಚಾಯಿತಿಯಲ್ಲಿ ಹದಿನೈದು ಸದಸ್ಯರು. ಅಧ್ಯಕ್ಷರ ಆಯ್ಕೆಯ ದಿನ ನನಗೆ ಎಂಟು ಮತ ಬಂದವು, ಎದುರಿನವರಿಗೆ ಏಳು. ಒಂದು ಮತದ ಗೆಲುವು. ಚುನಾವಣಾಧಿಕಾರಿ ಫಲಿತಾಂಶದ ಹಾಳೆಗೆ ಸಹಿ ಹಾಕುವ ಮುಂಚೆಯೇ ಹೊರಗೆ ಕೂಗು ಎದ್ದಿತು. ಓಟು ಕದ್ದರು ಎಂದು ಯಾರೋ ಹಬ್ಬಿಸಿದ್ದರು. ಕಲ್ಲು ಬಿದ್ದವು, ಕಿಟಕಿ ಒಡೆಯಿತು. ನಾವೆಲ್ಲ ಒಳಗಿನ ಕೋಣೆಗೆ ಓಡಿದೆವು. ಬಾಗಿಲಿಗೆ ಬೆನ್ನು ಕೊಟ್ಟು ನಿಂತವನು ಒಬ್ಬನೇ, ಊರಿಗೆ ನೀರು ಬಿಡುವ ಕರಿಯಪ್ಪ. ಚಿಲಕ ಮುರಿದಿದ್ದರಿಂದ ಮೈಯನ್ನೇ ಅಡ್ಡ ಕೊಟ್ಟಿದ್ದ. "ಹೊರಗ್ ಬರಬ್ಯಾಡ್ರಿ, ಒಳಗೇ ಇರ್ರಿ," ಎಂದು ಕೂಗುತ್ತಿದ್ದ. ಕೊನೆಗೆ ಬಾಗಿಲು ಮುರಿದೇ ಮುರಿಯಿತು. ಅವನು ಬಿದ್ದಾಗ ಒಬ್ಬ ಕಲ್ಲನ್ನು ಕೈಯಲ್ಲಿ ಹಿಡಿದೇ ಅವನ ಮುಖಕ್ಕೆ ಗುದ್ದಿದ.

ಒಳಕೋಣೆಯ ಬಾಗಿಲ ಸಂದಿಯಿಂದ ನಾನು ನೋಡಿದೆ. ಗುದ್ದಿದವನು ರುದ್ರೇಶ, ನನ್ನ ಗಂಡನ ತಮ್ಮ. ನಮ್ಮ ಎರಡು ಮನೆಗಳಿಗೆ ಒಂದೇ ಗೋಡೆ, ಒಂದೇ ಅಂಗಳ.

ಕರಿಯಪ್ಪನ ಬಲಗಣ್ಣು ಹೋಯಿತು. ಅವನು ಆಸ್ಪತ್ರೆಯಲ್ಲಿದ್ದಾಗಲೇ ಊರ ಹಿರಿಯರು ಗುಡಿಯ ಮುಂದೆ ಎರಡೂ ಬಣದವರನ್ನು ಕೂರಿಸಿ ರಾಜಿ ಮಾಡಿಸಿದರು. ಊರಿನ ವಿಷಯ ಊರಲ್ಲೇ ಇರಲಿ ಎಂದರು. ಹಾರ ಬದಲಾಯಿಸಿಕೊಂಡೆವು. ಪೊಲೀಸರು ಬಂದು ಕೇಳಿದಾಗ, "ಗಲಾಟೆಯಲ್ಲಿ ಯಾರ ಗುರುತೂ ಸಿಗಲಿಲ್ಲ," ಎಂದೆ. ಉಳಿದವರೂ ಹಾಗೆಯೇ ಹೇಳಿದರು. ರಾಜಿಯಾದ ಊರು ಒಂದಾಯಿತೇ? ಎರಡು ಚಹದಂಗಡಿ ಆದವು, ಎರಡು ಗಣಪತಿ ಕೂತವು. ಮದುವೆ ಪತ್ರಿಕೆಯನ್ನು ಬಾಗಿಲಲ್ಲಿ ಸಿಕ್ಕಿಸಿ ಹೋಗುವುದು ರೂಢಿಯಾಯಿತು. ಅನುಮಾನದ ಮೇಲೆ ಪೊಲೀಸರು ಎದುರು ಬಣದ ರುದ್ರೇಶನೂ ಸೇರಿ ಕೆಲವರ ಮೇಲೆ ಹಾಕಿದ ಮೊಕದ್ದಮೆ ಮಾತ್ರ ಹೊಳಲ್ಕೆರೆ ಕೋರ್ಟಿನಲ್ಲಿ ಮೆಲ್ಲಗೆ ತೆವಳುತ್ತಿತ್ತು. ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದು ನೋಡಿಲ್ಲ, ನೋಡಿಲ್ಲ ಎಂದು ಹೋಗಿದ್ದರು. ಕರಿಯಪ್ಪನೂ, "ಹೊಡೆದವರ ಮುಖ ಕಾಣಲಿಲ್ಲ," ಎಂದಿದ್ದ. ಉಳಿದದ್ದು ನನ್ನ ಸಾಕ್ಷಿ. ವಿಮಾನ ಹತ್ತುವ ವಾರದ ಮುಂಚೆ ಸಮನ್ಸ್ ಬಂದಿತ್ತು.

ಲಿಂಡಾಳ ಮನೆ

ಕೊನೆಯ ನಾಲ್ಕು ದಿನ ನಮ್ಮನ್ನು ಇಬ್ಬಿಬ್ಬರಂತೆ ಮನೆಗಳಲ್ಲಿ ಉಳಿಸಿದರು. ನನಗೂ ತಿಪ್ಪಮ್ಮನಿಗೂ ಸಿಕ್ಕದ್ದು ವಾಷಿಂಗ್ಟನ್‌ನಿಂದ ಮೂರು ಗಂಟೆ ದಾರಿಯ ಸಣ್ಣ ಊರು, ಲಿಂಡಾ ಎಂಬಾಕೆಯ ಮನೆ. ಅರವತ್ತು ದಾಟಿದ ಎತ್ತರದ ಹೆಂಗಸು. ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ಗಾಲಿಕುರ್ಚಿಯಲ್ಲಿರುವ ತಾಯಿಯನ್ನು ಜೊತೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದಳು. ತಾಯಿಗೆ ಮರೆವು. ತಿಪ್ಪಮ್ಮನನ್ನು ಅವರು ಮೊದಲ ದಿನವೇ ತಮ್ಮ ಹಳೆಯ ಗೆಳತಿ ಎಂದು ತಿಳಿದು ಕೈ ಹಿಡಿದುಕೊಂಡರು. ತಿಪ್ಪಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಅವರು ಇಂಗ್ಲಿಷಿನಲ್ಲಿ, ಇವಳು ಕನ್ನಡದಲ್ಲಿ, ಇಬ್ಬರೂ ತಾಸುಗಟ್ಟಲೆ ಮಾತಾಡುತ್ತಿದ್ದರು.

ಊರು ನಮ್ಮ ಭರಮಸಾಗರದಷ್ಟು ದೊಡ್ಡದಿರಬಹುದು. ಜನ ಮಾತ್ರ ಬೀದಿಯಲ್ಲಿ ಕಾಣುವುದಿಲ್ಲ. ಮನೆಯ ಮುಂದಿನ ಹುಲ್ಲಿನಲ್ಲಿ ಫಲಕ ನೆಟ್ಟಿರುತ್ತಾರೆ, ತಾವು ಯಾರ ಕಡೆ ಎಂದು. ನಡೆಯುವಾಗ ಲಿಂಡಾ ಫಲಕ ನೋಡಿ ಕೈ ಬೀಸುತ್ತಿದ್ದಳು, ಇಲ್ಲವೆ ನೆಲ ನೋಡುತ್ತಿದ್ದಳು. ಒಂದು ಕಾಫಿ ಅಂಗಡಿಯನ್ನು ದಾಟಿ ಅಷ್ಟು ದೂರದ ಇನ್ನೊಂದಕ್ಕೆ ಕರೆದೊಯ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ನಮ್ಮೂರಲ್ಲಿ ನಾನೂ ಬಸ್‌ಸ್ಟ್ಯಾಂಡಿನ ಚಹದಂಗಡಿ ದಾಟಿಯೇ ಹೋಗುವವಳು.

ಎರಡನೆಯ ದಿನ ಬೆಳಿಗ್ಗೆ ಅವಳ ಅಂಚೆ ಡಬ್ಬಿಯಲ್ಲಿ ಯಾರೋ ಕೊಳೆತ ಮೊಟ್ಟೆ ತುಂಬಿದ್ದರು. ಲಿಂಡಾ ಕೈಗವಸು ಹಾಕಿಕೊಂಡು ಬಂದು, ಡಬ್ಬಿ ತೊಳೆಯತೊಡಗಿದಳು. ನಾನು ನೀರು ಹಾಕಿದೆ. ಒಳಗೆ ಬಂದು ಕೈ ತೊಳೆದುಕೊಂಡ ಮೇಲೆ ಅವಳೇ ಹೇಳಿದಳು.

"ಇದು ನನ್ನ ತಮ್ಮನ ಸ್ನೇಹಿತರ ಕೆಲಸ. ಅವನನ್ನು ಹಿಡಿದುಕೊಟ್ಟವಳು ನಾನು."

ತಮ್ಮನ ಹೆಸರು ರಾಯ್. ಬಡಗಿ ಕೆಲಸ. ಆವತ್ತು ಆ ಮೆಟ್ಟಿಲುಗಳ ಮೇಲೆ ಅವನಿದ್ದ. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ. ಆದರೆ ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಅವನಿಗೆ ಒಂದು ಕಾಲು ಎಳೆಯುತ್ತಿತ್ತು. ಟಿವಿಯಲ್ಲಿ ಆ ನಡಿಗೆ ನೋಡಿ ಅಕ್ಕನಿಗೆ ಗೊತ್ತಾಯಿತು. ಅವನ ಕೈಯಲ್ಲಿ ದೊಣ್ಣೆ ಇತ್ತು. ಅದು ಒಬ್ಬ ಪೊಲೀಸನ ಮೇಲೆ ಬಿದ್ದದ್ದನ್ನೂ ಅವಳು ನೋಡಿದಳು.

"ಎರಡು ವಾರ ಸುಮ್ಮನಿದ್ದೆ," ಎಂದಳು ಲಿಂಡಾ. "ಊಟ ಸೇರಲಿಲ್ಲ. ಬಸ್ಸು ಓಡಿಸುವಾಗ ಮಕ್ಕಳು ಹೊಡೆದಾಡಿದರೆ ಬಸ್ಸು ನಿಲ್ಲಿಸಿ, ಯಾರು ಹೊಡೆದದ್ದು ಹೇಳಿ, ಹೇಳುವ ತನಕ ಬಸ್ಸು ಹೊರಡುವುದಿಲ್ಲ ಅನ್ನುತ್ತಿದ್ದೆ. ಎಷ್ಟು ವರ್ಷ ಹಾಗೆ ಅಂದಿದ್ದೇನೆ. ಹದಿನೈದನೆಯ ದಿನ ಫೋನ್ ಮಾಡಿ ಅವನ ಹೆಸರು ಹೇಳಿದೆ."

ರಾಯ್ ಜೈಲಿಗೆ ಹೋದ. ಕ್ಷಮಾದಾನವಾಗಿ ಬಂದ. ಬಂದ ದಿನ ಅರ್ಧ ಊರು ಬಾವುಟ ಹಿಡಿದು ಎದುರುಗೊಂಡಿತು. ಇನ್ನರ್ಧ ಪರದೆ ಎಳೆದುಕೊಂಡಿತು. ಅವನ ಮನೆ ಅಲ್ಲಿಂದ ನಾಲ್ಕು ಬೀದಿ ಆಚೆ. ಅಕ್ಕ ತಮ್ಮ ಅಂದಿನಿಂದ ಮಾತಾಡಿಲ್ಲ.

ತಿಪ್ಪಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಿರುಗಿಸಿ ಹೇಳಿದೆ. ಅವಳು ಕೇಳಿ, ಲಿಂಡಾಳ ಒದ್ದೆ ಕೈಯನ್ನು ಸೆರಗಿನಲ್ಲಿ ಒರೆಸಿದಳು.

ನಾನು ನಮ್ಮೂರಿನ ಕಥೆ ಶುರು ಮಾಡಿದೆ. ಬಾಗಿಲು, ಕರಿಯಪ್ಪ, ಅವನ ಕಣ್ಣು. ಲಿಂಡಾ ಕೇಳಿದಳು, "ಹೆಸರು ಕೊಟ್ಟವರು ಯಾರು?"

"ಯಾರೂ ಇಲ್ಲ."

"ಯಾರೂ ನೋಡಲಿಲ್ಲವಾ?"

"ನಾನು ನೋಡಿದೆ," ಎಂದೆ. ಅಷ್ಟು ದಿನಗಳಲ್ಲಿ ಮೊದಲ ಸಲ ಆ ಮಾತು ಬಾಯಿಂದ ಹೊರಗೆ ಬಂದಿತ್ತು, ಅದೂ ಪರಭಾಷೆಯಲ್ಲಿ. ಏಕೆ ಹೇಳಲಿಲ್ಲ ಎಂದು ಅವಳು ನನ್ನನ್ನು ಕೇಳಲಿಲ್ಲ. ಎದ್ದು ಕಾಫಿಗೆ ನೀರಿಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು.

ಭಾನುವಾರ

ಅಕ್ಕ ತಮ್ಮನ ನಡುವೆ ಒಂದೇ ಒಂದು ವ್ಯವಹಾರ ಉಳಿದಿತ್ತು. ಭಾನುವಾರ ಬೆಳಿಗ್ಗೆ ರಾಯ್ ತಾಯಿಯನ್ನು ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದ. ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ ಹಾರ್ನ್ ಒತ್ತುತ್ತಾನೆ. ಲಿಂಡಾ ಗಾಲಿಕುರ್ಚಿಯನ್ನು ಅಂಚೆ ಡಬ್ಬಿಯ ತನಕ ತಳ್ಳಿ, ಬ್ರೇಕ್ ಹಾಕಿ, ಹಿಂದಿರುಗಿ ಮನೆಯ ಬಾಗಿಲು ಮುಚ್ಚುತ್ತಾಳೆ. ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಅವನು ಇಳಿಯುತ್ತಾನೆ. ಎಷ್ಟೋ ವಾರಗಳಿಂದ ಹೀಗೇ.

ಆ ಭಾನುವಾರ ನಾವಿದ್ದೇವೆಂಬ ಸಂಕೋಚವೋ ಏನೋ, ಬ್ರೇಕ್ ಸರಿಯಾಗಿ ಬೀಳಲಿಲ್ಲ. ಅವಳು ಬೆನ್ನು ತಿರುಗಿಸಿ ಹತ್ತು ಹೆಜ್ಜೆ ಬಂದಿದ್ದಳು. ಅಂಗಳ ರಸ್ತೆಯ ಕಡೆಗೆ ಇಳಿಜಾರು. ಗಾಲಿ ಹೊರಳತೊಡಗಿತು.

ಮೊದಲು ಕಂಡದ್ದು ತಿಪ್ಪಮ್ಮನಿಗೆ. "ಏಯ್! ಅಜ್ಜಿ!" ಎಂದು ಮೆಟ್ಟಿಲಿಂದ ಹಾರಿ, ಮಂದೆಯಿಂದ ತಪ್ಪಿದ ಕುರಿಯ ಹಿಂದೆ ಓಡುವವಳ ಹಾಗೆ ಸೀರೆ ಎತ್ತಿ ಓಡಿದಳು. ಆ ಕಡೆಯಿಂದ ರಾಯ್ ಕಾಲೆಳೆಯುತ್ತಾ ಓಡಿಬಂದ. ರಸ್ತೆಯ ಅಂಚಿನಲ್ಲಿ ಅವನು ಮುಂದಿನಿಂದ ಕುರ್ಚಿಗೆ ಮೈ ಕೊಟ್ಟ, ಇವಳು ಹಿಂದಿನಿಂದ ಹಿಡಿದಳು. ಲಿಂಡಾಳೂ ನಾನೂ ತಲುಪಿದಾಗ ಮುದುಕಿ ನಗುತ್ತಿದ್ದರು. ಇನ್ನೊಂದು ಸಲ ಬಿಡಿ ಎನ್ನುತ್ತಿದ್ದರು.

ಅಕ್ಕ ತಮ್ಮ ಎದುರುಬದುರು ನಿಂತರು. ನಡುವೆ ಕುರ್ಚಿ. ಅವನ ಮಂಡಿ ತರಚಿ ರಕ್ತ ಬಂದಿತ್ತು. ಲಿಂಡಾ ಅದನ್ನು ನೋಡಿದಳು. ಕೈ ಮುಂದೆ ಬಂತು, ನಿಂತಿತು.

"ಮಾತಾಡ್ರಿ," ಎಂದಳು ತಿಪ್ಪಮ್ಮ ಏದುಸಿರು ಬಿಡುತ್ತಾ. "ಒಂದ್ ಮಾತಾರ ಆಡ್ರಿ, ನಿಮ್ಮವ್ವ ಇಬ್ಬರಿಗೂ ಸೇರಿದ್ದು."

ಅದನ್ನು ತಿರುಗಿಸಿ ಹೇಳುವ ಅಗತ್ಯ ಬೀಳಲಿಲ್ಲ. ರಾಯ್ ಅಂದ, "ನೀನು ಹೇಳದೇ ಇರಬಹುದಿತ್ತು."

"ನೀನು ಹೋಗದೇ ಇರಬಹುದಿತ್ತು."

"ನನಗೆ ಕ್ಷಮೆ ಸಿಕ್ಕಿದೆ ಲಿಂಡಾ. ಕಾಗದ ಇದೆ."

"ಯಾರು ಕೊಟ್ಟರು? ನೀನು ಹೊಡೆದೆಯಲ್ಲ, ಅವನು ಕೊಟ್ಟನಾ? ಅವನ ಮನೆಗೆ ಹೋಗಿದ್ದೆಯಾ?"

ಅವನು ಬಗ್ಗಿ ತಾಯಿಯ ಕಾಲ ಮೇಲಿನ ಹೊದಿಕೆ ಸರಿಮಾಡಿದ. "ಅವನ ಹೆಸರು ನನಗೆ ಗೊತ್ತಿಲ್ಲ," ಎಂದ.

"ನನಗೆ ಗೊತ್ತಿದೆ," ಎಂದಳು ಲಿಂಡಾ. "ಬೇಕಾದಾಗ ಬಂದು ಕೇಳು."

ಅವನು ತಾಯಿಯನ್ನು ಎತ್ತಿ ಗಾಡಿಯಲ್ಲಿ ಕೂರಿಸಿ, ಕುರ್ಚಿ ಮಡಚಿ ಹಿಂದಿಟ್ಟು ಹೊರಟುಹೋದ. ನಮ್ಮ ಸಿನಿಮಾಗಳಲ್ಲಾಗಿದ್ದರೆ ಅಪ್ಪಿಕೊಂಡು ಅಳುತ್ತಿದ್ದರು. ಅಲ್ಲಿ ಆದದ್ದು ಇಷ್ಟೇ: ಗಾಡಿ ತಿರುವು ದಾಟುವ ತನಕ ಲಿಂಡಾ ಬಾಗಿಲು ಮುಚ್ಚದೆ ನಿಂತಿದ್ದಳು.

ನಾನು ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗುಡಿಯ ಮುಂದೆ ಹಾರ ಬದಲಾಯಿಸಿದ ದಿನ ಕರಿಯಪ್ಪ ಆಸ್ಪತ್ರೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ. ಅವನನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿರಲಿಲ್ಲ.

"ತಿಪ್ಪಮ್ಮ, ಆ ಗುಂಪಿನಾಗೆ ನನ್ನ ಮೈದುನ ಇದ್ದ," ಎಂದೆ.

ಅವಳು ಪಕ್ಕದಲ್ಲಿ ಕೂತು ಕಾಲಿಗೆ ಹತ್ತಿದ ಹುಲ್ಲು ಕೊಡವಿಕೊಂಡಳು. "ಮೆಟ್ಲ ಮುಂದೆ ನೀನು ಚೀಲ ತಡಕಾಡಿದಾಗ್ಲೇ ಗೊತ್ತಾತು ಬಿಡು, ಮನೆಯೋರೇ ಅಂತ. ಈಗೇನ್ ಮಾಡ್ತೀಯಾ?"



ಮರಳಿ

ಬೆಂಗಳೂರಿನಿಂದ ಬಸ್ಸು. ಹಿರಿಯೂರಿನಲ್ಲಿ ತಿಪ್ಪಮ್ಮ ಇಳಿದಳು. ಅವಳ ಗಂಡ ಕಂಬಳಿ ಹೊದ್ದು ಕಾಯುತ್ತಿದ್ದ. ಅವಳು ಕಿಟಕಿಯ ಹತ್ತಿರ ಬಂದು, "ಕೋರ್ಟಿನ ದಿನ ಫೋನ್ ಮಾಡು. ಬೇಕಂದ್ರೆ ಬರ್ತೀನಿ," ಅಂದಳು. ಬಸ್ಸು ಹೊರಟ ಮೇಲೆ ನನ್ನ ಪಕ್ಕದ ಸೀಟು ತುಂಬ ಖಾಲಿ ಅನ್ನಿಸಿತು. ಚಿತ್ರದುರ್ಗ ಹತ್ತಿರವಾದಾಗ ಜೋಗಿಮಟ್ಟಿ ಗುಡ್ಡದ ಮೇಲೆ ಮೋಡ ಕೂತಿತ್ತು. ಸ್ಟ್ಯಾಂಡಿಗೆ ಬಸವರಾಜ ಬಂದಿದ್ದರು.

ಅವರಿಗೆ ದಾರಿಯಲ್ಲೇ ಹೇಳಿದೆ, ನೋಡಿದ್ದನ್ನು ಕೋರ್ಟಿನಲ್ಲಿ ಹೇಳುತ್ತೇನೆ ಎಂದು. ಬೈಕು ನಿಂತಿತು. ರಸ್ತೆಯ ಬದಿಗೆ ಇಳಿದು ನಿಂತರು.

"ನನ್ ತಮ್ಮ ಕಣೇ ಅವನು."

"ಗೊತ್ತು."

"ಊರಾಗೆ ರಾಜಿ ಆಗೈತೆ."

"ಕರಿಯಪ್ಪನ್ನ ಯಾರು ಕೇಳಿದ್ರು?"

ಅವರು ಬೈಕು ಹತ್ತಿ ಕಿಕ್ ಹೊಡೆದರು. ಆಮೇಲೆ ಎಷ್ಟೋ ದಿನ ಊಟಕ್ಕೆ ಬಡಿಸು, ನೀರು ಕೊಡು ಬಿಟ್ಟರೆ ಬೇರೆ ಮಾತಿಲ್ಲ.

ಮಾರನೆಯ ದಿನ ಕರಿಯಪ್ಪನ ಮನೆಗೆ ಹೋದೆ. ಕೊಳವೆಯ ವಾಲ್ವ್ ಬಿಚ್ಚಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದ. "ಬರ್ರಿ ಅಧ್ಯಕ್ಷರೇ, ಕುಂತ್ಕಳ್ರಿ," ಎಂದ. ನಾನು ಆ ಹುದ್ದೆಯಿಂದ ಇಳಿದರೂ ಅವನು ಹಾಗೆಯೇ ಕರೆಯುತ್ತಿದ್ದ. ಎರಡು ವರ್ಷಕ್ಕೂ ಹೆಚ್ಚು ಕಾಲ ಅವನು ಬಾಗಿಲು ಕಾದ ಹುದ್ದೆಯಲ್ಲಿ ಕೂತು, ಅವನ ಮುಖ ನೋಡಿ ಮಾತಾಡುವುದನ್ನು ನಾನು ತಪ್ಪಿಸಿದ್ದೆ.

"ಕರಿಯಪ್ಪ, ಹೊಡೆದೋರು ಯಾರು ಅಂತ ನಿನಗೆ ಗೊತ್ತೈತಾ?"

ಅವನು ವಾಲ್ವ್ ಒರೆಸುತ್ತಲೇ ಇದ್ದ. "ನಿಮ್ಗೂ ಗೊತ್ತಲ್ರಿ."

"ಮತ್ತೆ ಕೋರ್ಟಿನಾಗೆ ಯಾಕೆ ಹೇಳ್ಲಿಲ್ಲ?"

"ಸಂದಿನಾಗೆ ನಿಮ್ ಕಣ್ಣು ಕಂಡಿದ್ದೆ ನಾನು. ನೀವು ನೋಡಿದ್ರಿ ಅಂತ ಗೊತ್ತಿತ್ತು. ನೋಡ್ದೋರು ಅಷ್ಟು ಓದ್ದೋರೇ ಹೇಳ್ಲಿಲ್ಲ ಅಂದ್ಮೇಲೆ, ಹೊಡೆಸಿಕಂಡೋನು ಹೇಳಿದ್ರೆ ಯಾರು ನಂಬ್ತಾರ್ರಿ?"

ಅವನ ಸ್ವರದಲ್ಲಿ ಸಿಟ್ಟು ಇರಲಿಲ್ಲ. ಅದೇ ತಡೆಯಲಾರದ್ದು. ನಾನು ಅವನ ಎದುರು ಕೈ ಮುಗಿದೆ. ಅವನು ಗಾಬರಿಯಾಗಿ ಎದ್ದುನಿಂತ. ವಾಲ್ವ್ ಉರುಳಿ ಅಂಗಳಕ್ಕೆ ಬಿತ್ತು.

ಹೊಳಲ್ಕೆರೆ

ಸಾಕ್ಷಿಕಟ್ಟೆಯ ಮರ ಸವೆದು ನುಣ್ಣಗಾಗಿತ್ತು. ಎದುರಿಗೆ ರುದ್ರೇಶ ಮತ್ತು ಅವನ ಜೊತೆಯವರು ಕೈಕಟ್ಟಿ ನಿಂತಿದ್ದರು. ಹಿಂದಿನ ಬೆಂಚಿನಲ್ಲಿ ರುದ್ರೇಶನ ಹೆಂಡತಿ. ಬಾಗಿಲ ಹತ್ತಿರ ಕರಿಯಪ್ಪ. ಬಸವರಾಜ ಬಂದಿರಲಿಲ್ಲ. ತಿಪ್ಪಮ್ಮನಿಗೆ ನಾನು ಫೋನ್ ಮಾಡಿರಲಿಲ್ಲ. ಅದು ನಾನು ಒಬ್ಬಳೇ ಹೋಗಬೇಕಾದ ಜಾಗ ಅನ್ನಿಸಿತ್ತು.

ಸರ್ಕಾರಿ ವಕೀಲರು ಉತ್ಸಾಹವಿಲ್ಲದೆ ಕೇಳಿದರು, ಈ ಸಾಕ್ಷಿಯೂ ಹಿಂದಿನವರ ಹಾಗೇ ಎಂದು ತಿಳಿದಿದ್ದರೋ ಏನೋ. "ಕರಿಯಪ್ಪನಿಗೆ ಹೊಡೆದದ್ದನ್ನು ನೀವು ನೋಡಿದಿರಾ?"

"ನೋಡಿದೆ."

ವಕೀಲರು ಕಾಗದದಿಂದ ತಲೆ ಎತ್ತಿದರು.

"ಹೊಡೆದವರು ಯಾರು?"

"ರುದ್ರೇಶ. ಅಲ್ಲಿ ಎರಡನೆಯವನು. ನನ್ನ ಗಂಡನ ತಮ್ಮ."

ಹಿಂದಿನ ಬೆಂಚಿನಿಂದ ಒಂದು ಸಣ್ಣ ಸದ್ದು ಬಂತು, ಉಸಿರು ಸಿಕ್ಕಿಕೊಂಡ ಹಾಗೆ. ನಾನು ಆ ಕಡೆ ನೋಡಲಿಲ್ಲ.

ಎದುರು ಪಕ್ಷದ ವಕೀಲರು ಎದ್ದರು. ವಯಸ್ಸಾದವರು, ಸೌಮ್ಯವಾಗಿ ಮಾತಾಡುವವರು. ಪೊಲೀಸರ ಮುಂದೆ ನಾನು ಕೊಟ್ಟ ಹೇಳಿಕೆಯನ್ನು ಓದಿದರು. "ಯಾರ ಗುರುತೂ ಸಿಗಲಿಲ್ಲ ಎಂದು ಇಲ್ಲಿದೆ. ಇದು ನೀವು ಹೇಳಿದ್ದೇ ತಾನೆ?"

"ಹೌದು."

"ಹಾಗಾದರೆ ನೀವು ಸುಳ್ಳು ಹೇಳುತ್ತಿದ್ದೀರಿ. ಅಂದು, ಇಲ್ಲವೇ ಇಂದು. ಯಾವಾಗ ಎಂದು ನ್ಯಾಯಾಲಯಕ್ಕೆ ತಿಳಿಸಿ."

ಈ ಪ್ರಶ್ನೆಯನ್ನು ನಾನು ಎಷ್ಟೋ ದಿನದಿಂದ ಒಳಗೇ ಕೇಳಿಕೊಂಡಿದ್ದೆ. ಇಷ್ಟು ಹೊತ್ತು ರುದ್ರೇಶನ ತಪ್ಪನ್ನು ಹೇಳಿದ್ದೆ, ಈಗ ನನ್ನ ಸರದಿ.

"ಅಂದು ಸುಳ್ಳು ಹೇಳಿದೆ ಸ್ವಾಮಿ. ಮನೆಯವನು ಅಂತ ಸುಳ್ಳು ಹೇಳಿದೆ. ಅಧ್ಯಕ್ಷೆಯಾಗಿದ್ದೂ ಸುಳ್ಳು ಹೇಳಿದೆ."

ನ್ಯಾಯಾಧೀಶರು ಬರೆಸಿಕೊಂಡರು. ಬೆರಳಚ್ಚಿನವರು ಕುಟ್ಟಿದರು. ಹೊರಗೆ ಯಾವುದೋ ಬಸ್ಸಿನ ಕಂಡಕ್ಟರ್ ಹೊಸದುರ್ಗ, ಹೊಸದುರ್ಗ ಎಂದು ಕೂಗುತ್ತಿದ್ದ. ನನಗೆ ಓದಿಹೇಳಿ ಸಹಿ ಹಾಕಿಸಿಕೊಂಡರು.

ಮೊಕದ್ದಮೆ ಇನ್ನೂ ಮುಗಿದಿಲ್ಲ. ತೀರ್ಪು ಏನಾಗುತ್ತದೋ ಗೊತ್ತಿಲ್ಲ. ನಮ್ಮ ಅಂಗಳದಲ್ಲಿ ಈಗ ಅಳತೆಗೆ ಸರಿಯಾಗಿ ಒಂದು ತಡಿಕೆ ಎದ್ದಿದೆ. ರುದ್ರೇಶನ ಹೆಂಡತಿ ನಾನು ಹೊರಗೆ ಬಂದರೆ ಒಳಗೆ ಹೋಗುತ್ತಾಳೆ. ಬಸವರಾಜ ಮೊನ್ನೆಯಿಂದ ಊಟವಾದ ಮೇಲೆ ಸ್ವಲ್ಪ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ, ಏನೋ ಹೇಳುವವರ ಹಾಗೆ. ಹೇಳುವುದಿಲ್ಲ. ನಾನು ಕಾಯುತ್ತೇನೆ.

ಆ ದಿನದ್ದೇ ಒಂದು ಸಂಗತಿ ಬರೆದು ಮುಗಿಸುತ್ತೇನೆ. ಕೋರ್ಟಿನಿಂದ ಹೊರಗೆ ಬಂದಾಗ ಕರಿಯಪ್ಪ ಗೇಟಿನ ಹತ್ತಿರ ನಿಂತಿದ್ದ. "ಸಂಜಿ ನೀರು ಬಿಡಬೇಕು, ಹೋಗಾಣ ಬರ್ರಿ," ಎಂದ. ತಾಳ್ಯದ ಕಡೆಯ ಬಸ್ಸಿನಲ್ಲಿ ಜಾಗ ಸಿಕ್ಕಿತು. ನಾನು ಕಿಟಕಿಗೆ ಕೂತೆ, ಅವನು ನನ್ನ ಎಡಕ್ಕೆ ಕೂತ. ಕೂತ ಮೇಲೆ ಕುತ್ತಿಗೆಯನ್ನು ಪೂರ್ತಿ ತಿರುಗಿಸದೆ ಅವನಿಗೆ ನಾನು ಕಾಣುತ್ತಿರಲಿಲ್ಲ, ನನ್ನ ಕಡೆಗಿದ್ದದ್ದು ಅವನ ಹೋದ ಕಣ್ಣು. ಅವನು ಎದ್ದು, "ವಸಿ ಸರೀರಿ, ನಾನು ಆ ಕಡೆ ಕುಂತ್ಕಂತೀನಿ," ಎಂದ. ಜಾಗ ಬದಲಾಯಿಸಿಕೊಂಡೆವು. ಬಸ್ಸು ಊರು ದಾಟಿತು. ಅವನು ನೋಡುವ ಕಣ್ಣಿನಿಂದ ನನ್ನ ಮುಖವನ್ನೇ ನೋಡುತ್ತಾ ಕೇಳಿದ:

"ಈಗ ಹೇಳ್ರಿ. ಆ ದೇಶ ಹೆಂಗೈತೆ?"